ಓದೂ ಬೇಕು, ಓಟವೂ ಬೇಕು

ಕಳೆದ ವರುಷ ನಮ್ಮ ಕಾಲೇಜಿನ ಸೂಚನಾ ಫಲಕದ ಮೇಲೆ ಒಂದೇ ವಾರದಲ್ಲಿ ಎರಡು ಪಟ್ಟಿಗಳನ್ನು ಹಚ್ಚಿದರು. ಮೊದಲನೆಯದು, ಸ್ನೇಹಸಮ್ಮೇಳನದಲ್ಲಿ ಬಹುಮಾನ ಪಡೆಯಲಿರುವ ಆಟಗಾರರ ಪಟ್ಟಿ. ಎರಡನೆಯದು, ಹಾಜರಿ ಸಾಲದ್ದರಿಂದ ಪರೀಕ್ಷೆಗೆ ಕೂಡ್ರಿಸಬೇಕೋ ಬೇಡವೋ ಎಂದು ವಿಚಾರ ನಡೆದಿರುವ ವಿದ್ಯಾರ್ಥಿಗಳ ಪಟ್ಟಿ. ಎರಡರಲ್ಲಿಯೂ ನನ್ನ ಹೆಸರಿತ್ತು. ಎರಡರ ಕೆಳಗೂ ಒಂದೇ ರುಜು ಇತ್ತು. ಪಕ್ಕದಲ್ಲಿ ನಿಂತಿದ್ದ ಗೆಳತಿಯೊಬ್ಬಳು, “ಒಂದರಲ್ಲಿ ಹಾರ, ಇನ್ನೊಂದರಲ್ಲಿ ಪ್ರಹಾರ!” ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಆದರೆ ಸಂಜೆ ಬಸ್ಸಿನಲ್ಲಿ ದಾಸನಕೊಪ್ಪಕ್ಕೆ ಮರಳುವಾಗ ನಗೆ ಇಳಿದು ವಿಚಾರ ಹತ್ತಿತು. ನಾನು ತರಗತಿಗೆ ಬಾರದ ದಿನಗಳು ಯಾವವು? ಕಾಲೇಜಿನ ಹೆಸರನ್ನು ಎದೆಯ ಮೇಲೆ ಹಚ್ಚಿಕೊಂಡು ಬೇರೆ ಊರಿನ ಮೈದಾನದಲ್ಲಿ ಓಡಿದ ದಿನಗಳೇ ಅವುಗಳಲ್ಲಿ ಹೆಚ್ಚು. ಬಹುಮಾನ ಬಂದದ್ದೂ ಆ ದಿನಗಳಿಗೇ, ಗೈರುಹಾಜರಿ ಬಿದ್ದದ್ದೂ ಆ ದಿನಗಳಿಗೇ. ಇದರಲ್ಲಿ ಯಾರೊಬ್ಬರ ದ್ವೇಷವಾಗಲಿ ಅಸಡ್ಡೆಯಾಗಲಿ ಇರಲಿಲ್ಲ. ಒಬ್ಬರು ಗೆದ್ದದ್ದನ್ನು ಲೆಕ್ಕ ಹಾಕಿದರು, ಮತ್ತೊಬ್ಬರು ಬಾರದ್ದನ್ನು ಲೆಕ್ಕ ಹಾಕಿದರು. ಎರಡು ಲೆಕ್ಕಗಳೂ ಸರಿಯಾಗಿಯೇ ಇದ್ದವು. ಕೂಡಿಸಿ ನೋಡುವವರು ಮಾತ್ರ ಇರಲಿಲ್ಲ. ಮುಂದೆ ದೈಹಿಕ ಶಿಕ್ಷಣ ನಿರ್ದೇಶಕರ ಪತ್ರ ಕಡತದಲ್ಲಿ ಸಿಕ್ಕು, ಎರಡನೆಯ ಪಟ್ಟಿಯಿಂದ ನನ್ನ ಹೆಸರನ್ನು ಹೊಡೆದು ಹಾಕಿದರು. ಆದರೆ ಆ ದಿನಗಳಲ್ಲಿಯೇ ನಡೆದುಹೋಗಿದ್ದ ಒಂದು ಆಂತರಿಕ ಪರೀಕ್ಷೆಯ ಅಂಕಗಳು ಹೋದದ್ದು ಹೋದವೇ. ಆ ಅಂಕಗಳ ಸಲುವಾಗಿ ಅಳುವದಕ್ಕೆ ಈ ಲೇಖನ ಬರೆಯುತ್ತಿಲ್ಲ. ನನ್ನಂತೆ ಎರಡು ಪಟ್ಟಿಗಳ ನಡುವೆ ಸಿಕ್ಕಿಕೊಂಡವರು ಪ್ರತಿ ಕಾಲೇಜಿನಲ್ಲಿಯೂ ಇದ್ದಾರೆ. ಅವರ ಪರವಾಗಿ ಗುರುಗಳ ಮುಂದೂ ಗೆಳೆಯರ ಮುಂದೂ ನಾಲ್ಕು ಮಾತು ಇಡಬೇಕೆಂದು ಬರೆಯುತ್ತಿದ್ದೇನೆ.

ಹಿಂದೆ ನಾನು ಕಲಿತ ಒಂದು ಶಾಲೆಯಲ್ಲಿ ಗುರುಗಳೊಬ್ಬರು ನನ್ನನ್ನು ಕಂಡಾಗಲೆಲ್ಲ, “ನೀನು ಓದಲಿಕ್ಕೆ ಬಂದೀಯೋ ಓಡಲಿಕ್ಕೆ ಬಂದೀಯೋ?” ಎಂದು ಕೇಳುತ್ತಿದ್ದರು. ದಕಾರ ಹೋಗಿ ಡಕಾರ ಬಂದರೆ ಸಾಕು, ವಿದ್ಯಾರ್ಥಿನಿ ಕೆಟ್ಟಳೆಂದೇ ಅವರ ಭಾವನೆ. ಅವರು ಒಳ್ಳೆಯವರು; ನನ್ನ ಹಿತವನ್ನೇ ಬಯಸಿದವರು. ಆದರೂ ಆ ಪ್ರಶ್ನೆಯೇ ತಪ್ಪು ಎಂದು ನನಗೆ ಅಂದೂ ಅನಿಸಿತ್ತು, ಇಂದೂ ಅನಿಸುತ್ತದೆ. ಹಾಡುವ ಹುಡುಗಿಗೆ “ಓದಲಿಕ್ಕೆ ಬಂದೀಯೋ ಹಾಡಲಿಕ್ಕೆ ಬಂದೀಯೋ” ಎಂದು ಯಾರೂ ಕೇಳುವದಿಲ್ಲ. ಚರ್ಚಾಕೂಟದಲ್ಲಿ ಗೆದ್ದು ಬಂದವನಿಗೂ ಕೇಳುವದಿಲ್ಲ. ಬೆವರು ಬರುವ ವಿದ್ಯೆಗೆ ಮಾತ್ರ ಈ ಪ್ರಶ್ನೆ ಏಕೆ?

“ಎರಡು ದೋಣಿಯ ಮೇಲೆ ಕಾಲಿಡಬೇಡ” ಎನ್ನುವವರಿದ್ದಾರೆ. ನದಿ ದಾಟುವವನಿಗೆ ಅದು ಒಳ್ಳೆಯ ಮಾತು. ಆದರೆ ನಮ್ಮ ಹಿರಿಯರು ಇನ್ನೊಂದು ಗಾದೆಯನ್ನೂ ಹೇಳಿದ್ದಾರೆ: “ದೇಶ ಸುತ್ತು, ಕೋಶ ಓದು.” ದೇಶ ಸುತ್ತು ಇಲ್ಲವೆ ಕೋಶ ಓದು ಎಂದು ಅವರು ಹೇಳಲಿಲ್ಲ. ನನ್ನ ಮಟ್ಟಿಗೆ ಈ ಗಾದೆ ಅಕ್ಷರಶಃ ನಿಜವಾಗಿದೆ. ಓಡದೆ ಇದ್ದಿದ್ದರೆ ನಾನು ಕಾರವಾರದ ಸಮುದ್ರವನ್ನಾಗಲಿ ಧಾರವಾಡದ ವಿಶ್ವವಿದ್ಯಾಲಯದ ಗುಡ್ಡವನ್ನಾಗಲಿ ಈ ವಯಸ್ಸಿಗೆ ನೋಡುತ್ತಿರಲಿಲ್ಲ. ಶಿರಸಿ ತಾಲೂಕಿನ ಮೂಡಣ ಭಾಗದ ಹಳ್ಳಿಯ ಹುಡುಗಿಯರಿಗೆ ದೇಶ ಸುತ್ತಲು ಬೇರೆ ನೆವಗಳು ಬಹಳ ಇಲ್ಲ.

ಹಾಗಾದರೆ ಎರಡನ್ನೂ ಮಾಡುವದು ಸುಲಭವೇ? ಅಲ್ಲ. ವೇದಿಕೆಯ ಮೇಲೆ ನಿಂತು “ಓದಿನೊಂದಿಗೆ ಆಟವನ್ನೂ ರೂಢಿಸಿಕೊಳ್ಳಿರಿ” ಎಂದು ಉಪದೇಶ ಮಾಡುವ ಅತಿಥಿಗಳು ಒಮ್ಮೆಯಾದರೂ ನಮ್ಮ ದಿನಚರಿಯನ್ನು ಕೇಳಬೇಕು. ನಾನು ಒಂದು ದಿನ ಕೂತು ಲೆಕ್ಕ ಹಾಕಿದೆ. ನಿದ್ರೆಗೆ 7 ತಾಸು. ಓಡುವವರಿಗೆ ಅದಕ್ಕಿಂತ ಕಡಿಮೆಯಾದರೆ ಕಾಲೂ ಏಳುವದಿಲ್ಲ, ತಲೆಯೂ ಏಳುವದಿಲ್ಲ. ಕಾಲೇಜಿಗೆ 6 ತಾಸು. ಬಸ್ಸಿನಲ್ಲಿ, ಬಸ್ಸಿನ ದಾರಿ ಕಾಯುವದರಲ್ಲಿ 2 ತಾಸು. ಅಭ್ಯಾಸಕ್ಕೆ ಎರಡೂವರೆ ತಾಸು. ದನ, ನೀರು, ಕಸಮುಸುರೆ, ಅವ್ವನಿಗೆ ಕೈಗೂಡಿಸುವದು ಇವಕ್ಕೆಲ್ಲ 2 ತಾಸು. ಊಟ, ಸ್ನಾನಕ್ಕೆ ಒಂದೂವರೆ ತಾಸು. ಕೂಡಿಸಿದರೆ 21 ಆಯಿತು. ಉಳಿದದ್ದು 3 ತಾಸು. ಓದೂ ಅದರಲ್ಲಿಯೇ, ಮಾತುಕತೆಯೂ ಅದರಲ್ಲಿಯೇ, ಸುಮ್ಮನೆ ಕೂಡ್ರುವದೂ ಅದರಲ್ಲಿಯೇ.

ಇಲ್ಲಿ ಒಂದು ತಪ್ಪೊಪ್ಪಿಗೆಯನ್ನೂ ಮಾಡಿಬಿಡುತ್ತೇನೆ. ಆ ಮೂರು ತಾಸುಗಳಲ್ಲಿ ನನ್ನ ಓದನ್ನು ಕದ್ದ ಕಳ್ಳ ಮೈದಾನವಲ್ಲ, ಕೈಯಲ್ಲಿರುವ ಮೊಬೈಲು. ಓಡಿ ದಣಿದು ಬಂದವಳು “ಐದೇ ನಿಮಿಷ” ಎಂದು ಅದನ್ನು ತೆರೆಯುತ್ತೇನೆ. ಐದು ನಿಮಿಷಕ್ಕೆ ಒಂದು ತಾಸು ಆಗಿರುತ್ತದೆ. ಪರೀಕ್ಷೆಯಲ್ಲಿ ಅಂಕ ಕಡಿಮೆ ಬಿದ್ದಾಗ ಮನೆಯವರು ಬೈದದ್ದು ಮಾತ್ರ ಓಟವನ್ನು. ನಾನೂ ಸುಮ್ಮನಿದ್ದೆ. ಆ ಸುಮ್ಮನಿದ್ದದ್ದು ಅಪ್ರಾಮಾಣಿಕತೆ ಎಂದು ಈಗ ಅನಿಸುತ್ತದೆ. ಆಟಗಾರರಾದ ನಾವು ನಮ್ಮ ಸೋಮಾರಿತನದ ಹೊರೆಯನ್ನೆಲ್ಲ ಆಟದ ತಲೆಯ ಮೇಲೆ ಹೊರಿಸಿದರೆ, ನಾಳೆ ನಮ್ಮ ತಂಗಿಯರನ್ನು ಮೈದಾನಕ್ಕೆ ಕಳಿಸುವವರು ಯಾರು?

ಓದನ್ನೂ ಆಟವನ್ನೂ ಕೂಡಿಯೇ ಸಾಗಿಸಿದವರ ಉದಾಹರಣೆಗಳು ನಮ್ಮ ನಾಡಿನಲ್ಲಿಯೇ ಇವೆ. ಸ್ಪಿನ್ ಬೌಲರ್ ಇ. ಎ. ಎಸ್. ಪ್ರಸನ್ನ ಅವರು 1962ರ ಜನವರಿಯಲ್ಲಿ ಮದರಾಸಿನಲ್ಲಿ ತಮ್ಮ ಮೊದಲ ಟೆಸ್ಟ್ ಆಡಿದರು. ಅದೇ ವರುಷ ವೆಸ್ಟ್ ಇಂಡೀಜ್ ಪ್ರವಾಸಕ್ಕೂ ಹೋಗಿಬಂದರು. ಆಮೇಲೆ ಐದು ವರುಷಗಳ ಕಾಲ ಭಾರತದ ತಂಡದಲ್ಲಿ ಅವರ ಹೆಸರಿಲ್ಲ. ಆ ಅವಧಿಯಲ್ಲಿ ಅವರು ತಮ್ಮ ಎಂಜಿನಿಯರಿಂಗ್ ವ್ಯಾಸಂಗವನ್ನು ಮುಗಿಸಿದರು. 1967ರ ಜನವರಿಯಲ್ಲಿ ಅದೇ ಮದರಾಸಿನಲ್ಲಿ ಮರಳಿ ಟೆಸ್ಟ್ ಆಡಿ, ತಮ್ಮ 20ನೆಯ ಟೆಸ್ಟಿನಲ್ಲಿಯೇ 100 ವಿಕೆಟ್ ಮುಟ್ಟಿದರು. ಒಟ್ಟು 49 ಟೆಸ್ಟುಗಳಲ್ಲಿ 189 ವಿಕೆಟ್ ಪಡೆದರು. ಅನಿಲ್ ಕುಂಬ್ಳೆ ಅವರೂ 1990ರಲ್ಲಿ ಇಂಗ್ಲಂಡಿನಲ್ಲಿ ಮೊದಲ ಟೆಸ್ಟ್ ಆಡಿದಾಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿ. ಅವರಿಗೂ ಎರಡನೆಯ ಟೆಸ್ಟ್ ದೊರೆತದ್ದು 1992ರಲ್ಲಿ. ನಡುವೆ ಪದವಿ ಮುಗಿಯಿತು. 2008ರಲ್ಲಿ ನಿವೃತ್ತರಾಗುವಾಗ ಅವರ ವಿಕೆಟ್ಟುಗಳು 619. ಪುಸ್ತಕ ಹಿಡಿದದ್ದರಿಂದ ಇವರಿಬ್ಬರ ಕೈಯಲ್ಲಿ ಚೆಂಡು ತಿರುಗುವದೇನೂ ನಿಲ್ಲಲಿಲ್ಲ.

ಆದರೆ ಈ ಉದಾಹರಣೆಗಳನ್ನು ಕಣ್ಣುಮುಚ್ಚಿ ನುಂಗಬಾರದು. ಸ್ಪಿನ್ ಬೌಲಿಂಗ್ ವಯಸ್ಸಿನೊಡನೆ ಪಕ್ವವಾಗುವ ವಿದ್ಯೆ; ಐದು ವರುಷ ಕಾದರೂ ಅದು ಕಾಯುತ್ತದೆ. 800 ಮೀಟರು ಹಾಗೆ ಕಾಯುವದಿಲ್ಲ. ಇಪ್ಪತ್ತನೆಯ ವಯಸ್ಸಿನ ಕಾಲನ್ನು ಪೆಟ್ಟಿಗೆಯಲ್ಲಿ ಮಡಿಚಿಟ್ಟು, ಪದವಿ ಮುಗಿದ ಮೇಲೆ ಹೊರತೆಗೆಯುತ್ತೇನೆಂದರೆ ಆದೀತೇ? ಮೇಲಾಗಿ ಅವರು ನಗರದವರು. ಮೈದಾನವೂ ಕಾಲೇಜೂ ಒಂದೇ ಊರಿನಲ್ಲಿದ್ದವರು. ಆದುದರಿಂದ ಓಟದವರು ಓಟದವರ ಉದಾಹರಣೆಯನ್ನೇ ಹುಡುಕಬೇಕು.

ಅಂತಹ ಒಂದು ಉದಾಹರಣೆ ದೂರದ್ದಾದರೂ ನನಗೆ ಬಹು ಪ್ರಿಯವಾದದ್ದು. 1954ರ ಮೇ 6ರಂದು ಆಕ್ಸ್‌ಫರ್ಡಿನಲ್ಲಿ ರೋಜರ್ ಬ್ಯಾನಿಸ್ಟರ್ ಎಂಬ ಇಪ್ಪತ್ತೈದು ವರುಷದ ತರುಣ ಒಂದು ಮೈಲನ್ನು 3 ನಿಮಿಷ 59.4 ಸೆಕೆಂಡುಗಳಲ್ಲಿ ಓಡಿದನು. ನಾಲ್ಕು ನಿಮಿಷಗಳ ಒಳಗೆ ಮೈಲು ಓಡಿದ ಮೊದಲ ಮನುಷ್ಯ ಅವನೇ. ಆಗ ಅವನು ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ವೈದ್ಯಕೀಯ ವಿದ್ಯಾರ್ಥಿ. ಅಂದು ಮುಂಜಾನೆಯೂ ಅವನು ಆಸ್ಪತ್ರೆಗೆ ಹೋಗಿದ್ದನು. ಅಲ್ಲಿಯ ಪ್ರಯೋಗಶಾಲೆಯ ಸಾಣೆಕಲ್ಲಿನ ಮೇಲೆ ತನ್ನ ಬೂಟಿನ ಮೊಳೆಗಳನ್ನು ಮಸೆದುಕೊಂಡು, ರೈಲು ಹಿಡಿದು ಆಕ್ಸ್‌ಫರ್ಡಿಗೆ ಬಂದನು. ದಿನವೆಲ್ಲ ಅಭ್ಯಾಸ ಮಾಡಲು ಅವನಿಗೆ ವೇಳೆ ಇರಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಓಡಿ ಮತ್ತೆ ರೋಗಿಗಳ ಕಡೆಗೆ ಹೋಗುತ್ತಿದ್ದನು. ಅದೇ ವರುಷ ಓಟದಿಂದ ನಿವೃತ್ತನಾಗಿ ಮುಂದೆ ದೊಡ್ಡ ನರರೋಗ ತಜ್ಞನಾದನು. ಮೈಲಿನ ಓಟಕ್ಕಿಂತ ವೈದ್ಯಶಾಸ್ತ್ರದಲ್ಲಿ ಮಾಡಿದ ಕೆಲಸವೇ ತನಗೆ ಹೆಚ್ಚಿನ ಹೆಮ್ಮೆಯದೆಂದು ಮುಪ್ಪಿನಲ್ಲಿ ಹೇಳಿಕೊಂಡನು. ಇಂದಿನ ಓಟಗಾರರ ಅಭ್ಯಾಸದ ಮುಂದೆ ಅವನ ಅಭ್ಯಾಸ ಬಹಳ ಸಣ್ಣದು ಎಂಬದು ನಿಜ. ಇಂದು ಹಾಗೆ ಓಡಿ ಜಗತ್ತನ್ನು ಗೆಲ್ಲುವದು ಆಗದ ಮಾತು. ಆದರೂ ಬಿಡುವಿನ ಒಂದು ತಾಸನ್ನು ನಿಜವಾಗಿ ಒಂದು ತಾಸಾಗಿ ಬಳಸಿದರೆ ಎಷ್ಟು ದೂರ ಹೋಗಬಹುದೆಂಬದಕ್ಕೆ ಅವನೇ ಸಾಕ್ಷಿ.

ಇನ್ನು ದೂರದ ಮಾತು ಸಾಕು. ಓದು ಆಟಗಳ ಪ್ರಶ್ನೆ ಎಷ್ಟು ಕಠಿಣವಾದದ್ದೆಂದು ತಿಳಿಯಬೇಕಾದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯನ್ನೇ ನೋಡಬೇಕು. ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲೂಕುಗಳ ಕಾಡಿನ ಊರುಗಳಲ್ಲಿ ಸಿದ್ದಿ ಜನಾಂಗದವರಿದ್ದಾರೆ. ಶತಮಾನಗಳ ಹಿಂದೆ ಆಫ್ರಿಕೆಯಿಂದ ಈ ನಾಡಿಗೆ ತರಲ್ಪಟ್ಟವರ ಸಂತತಿ ಅವರದು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ಒಂದು ವಿಶೇಷ ಯೋಜನೆಯಡಿ ಈ ಜನಾಂಗದ ಹುಡುಗ ಹುಡುಗಿಯರನ್ನು ಆರಿಸಿ, ಬೆಂಗಳೂರು ಮೊದಲಾದ ಕಡೆ ಇರಿಸಿ ಓಟ ಮೊದಲಾದ ಕ್ರೀಡೆಗಳಲ್ಲಿ ತರಬೇತಿ ಕೊಡತೊಡಗಿತು. ಆಗ ಕೇಂದ್ರದಲ್ಲಿ ಕ್ರೀಡಾ ಖಾತೆಯ ಹೊಣೆ ನಮ್ಮ ರಾಜ್ಯದವರೇ ಆದ ಮಾರ್ಗರೆಟ್ ಆಳ್ವಾ ಅವರದಾಗಿತ್ತು. ಕಾಡಿನ ಕಾಲುದಾರಿಯ ಹೊರತು ಬೇರೆ ದಾರಿ ಕಾಣದ ಮಕ್ಕಳು ಕೆಲವೇ ವರುಷಗಳಲ್ಲಿ ರಾಷ್ಟ್ರಮಟ್ಟದ ಪದಕಗಳನ್ನು ತಂದರು. ಕಮಲಾ ಸಿದ್ದಿ ಅವರ ಹೆಸರು ಹರ್ಡಲ್ಸ್ ಓಟದಲ್ಲಿ ದೇಶಕ್ಕೆಲ್ಲ ತಿಳಿಯಿತು.

ಆಮೇಲೆ, 1993ರಲ್ಲಿ, ಆ ಯೋಜನೆ ನಿಂತುಹೋಯಿತು. ಕೆಲವರಿಗೆ ಆಟದ ಬಲದಿಂದ ಸರಕಾರಿ ನೌಕರಿ ದೊರೆತಿತ್ತು. ಅವರು ದಡ ಸೇರಿದರು. ಉಳಿದವರು? ಹಲವರು ಊರಿಗೆ ಮರಳಿ ಹಿಂದಿನ ಕೂಲಿಯನ್ನೇ ಹಿಡಿದರು. ಪದಕಗಳನ್ನು ಮನೆಯ ಗೋಡೆಗೆ ತೂಗುಹಾಕಿ ಮರುದಿನ ಕತ್ತಿ ಹಿಡಿದು ತೋಟದ ಕೆಲಸಕ್ಕೆ ಹೋಗುವದೆಂದರೆ ಹೇಗಿದ್ದೀತು ಎಂದು ನಾನು ಎಷ್ಟೋ ಸಲ ಊಹಿಸಿಕೊಂಡಿದ್ದೇನೆ. ಆ ಜನಾಂಗವನ್ನು ಪರಿಶಿಷ್ಟ ಪಂಗಡದಲ್ಲಿ ಸೇರಿಸಿದ್ದೂ 2003ರಲ್ಲಿ, ಯೋಜನೆ ನಿಂತು ಹತ್ತು ವರುಷಗಳ ಮೇಲೆ. ಈಚಿನ ವರುಷಗಳಲ್ಲಿ ಮುಂಡಗೋಡದ ಕಡೆ ಖಾಸಗಿ ಪ್ರಯತ್ನದಿಂದ ಸಿದ್ದಿ ಮಕ್ಕಳ ಓಟದ ತರಬೇತಿ ಮತ್ತೆ ನಡೆದಿರುವದು ಸಂತೋಷದ ಸಂಗತಿ.

ಈ ಕಥೆಯಿಂದ ಕೆಲವರು “ನೋಡಿದಿರಾ, ಆಟ ನಂಬಿದರೆ ಹೀಗೇ” ಎಂಬ ಪಾಠ ತೆಗೆಯುತ್ತಾರೆ. ನನಗೆ ಆ ಪಾಠ ಒಪ್ಪಿಗೆಯಿಲ್ಲ. ಆ ಮಕ್ಕಳು ಆಟವನ್ನು ನಂಬಿ ಕೆಡಲಿಲ್ಲ. ಆಟ ಅವರಿಗೆ ಕೊಡಬೇಕಾದದ್ದನ್ನೆಲ್ಲ ಕೊಟ್ಟಿತ್ತು. ನಿಂತುಹೋದದ್ದು ಯೋಜನೆ. ಒಂದು ಕಚೇರಿಯ ಕಾಗದದಿಂದ ಆರಂಭವಾದದ್ದು ಇನ್ನೊಂದು ಕಾಗದದಿಂದ ಮುಗಿಯಬಹುದು. ಓಟಗಾರ್ತಿಯ ಊಟ, ವಸತಿ, ಬೂಟು, ತರಬೇತಿ ಇವೆಲ್ಲ ಬೇರೆಯವರ ಕೈಯಲ್ಲಿರುವ ವಸ್ತುಗಳು. ಮೊಣಕಾಲಿನ ಒಂದು ಪೆಟ್ಟೂ ಅಂತಹ ಒಂದು ಕಾಗದವೇ. ಓದಿದ್ದನ್ನು ಮಾತ್ರ ಯಾವ ಕಚೇರಿಯೂ ಹಿಂದಕ್ಕೆ ತೆಗೆದುಕೊಳ್ಳಲಾರದು. ರೈಲ್ವೆ, ಪೊಲೀಸ್, ಸೈನ್ಯಗಳಲ್ಲಿ ಆಟಗಾರರಿಗೆಂದು ಇರುವ ನೌಕರಿಗಳಿಗೂ ಹತ್ತನೆಯ ತರಗತಿಯೋ ಪಿಯುಸಿಯೋ ಪದವಿಯೋ ಕೇಳಿಯೇ ಕೇಳುತ್ತಾರೆ. ಆದುದರಿಂದ ಆಟಗಾರರು ಓದಬೇಕಾದದ್ದು ಆಟದ ಮೇಲೆ ಅಪನಂಬಿಕೆಯಿಂದ ಅಲ್ಲ. ಆಟವನ್ನು ಅಂಜಿಕೆಯಿಲ್ಲದೆ ಆಡುವದಕ್ಕಾಗಿ.

ಈ ಮಾತನ್ನು ನಾನು ಪುಸ್ತಕ ನೋಡಿ ಹೇಳುತ್ತಿಲ್ಲ. ಎರಡು ವರುಷಗಳ ಹಿಂದೆ ತರಬೇತುದಾರರೊಬ್ಬರು ನನ್ನ ಓಟ ನೋಡಿ, ದೂರದ ಊರಿನ ಒಂದು ತರಬೇತಿ ಕೇಂದ್ರಕ್ಕೆ ಬಾ ಎಂದು ಕರೆದರು. ಹೋಗಬೇಕಾದರೆ ಕಾಲೇಜನ್ನು ಒಂದು ವರುಷವಾದರೂ ಬಿಡಬೇಕಾಗಿತ್ತು. ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಮಲಗಲಿಲ್ಲ. ಅಪ್ಪನಿಗೆ ಕಳಿಸುವ ಮನಸ್ಸಿತ್ತು. ಅವ್ವ ಒಂದೇ ಮಾತು ಕೇಳಿದಳು: “ಓಡೋದು ಸೈ, ಮುಟ್ಟೋದು ಎಲ್ಲಿಗೆ ಅಂತ ಗೊತ್ತೈತೇನೇ?”

ನಾನು ಆ ಪ್ರಶ್ನೆಗೆ ಗಡಿಯಾರದಿಂದ ಉತ್ತರ ಹುಡುಕಿದೆ. 800 ಮೀಟರಿನಲ್ಲಿ ನನ್ನ ಅತ್ಯುತ್ತಮ ವೇಳೆ 2 ನಿಮಿಷ 24 ಸೆಕೆಂಡು. ಅದೇ ದೂರವನ್ನು ಕೇರಳದ ಟಿಂಟು ಲೂಕಾ ಅವರು 2010ರಲ್ಲಿ 1 ನಿಮಿಷ 59.17 ಸೆಕೆಂಡುಗಳಲ್ಲಿ ಓಡಿದ್ದಾರೆ. ನಡುವೆ ಸುಮಾರು 25 ಸೆಕೆಂಡು. ಬಸ್ಸಿನ ದಾರಿ ಕಾಯುವವರಿಗೆ ಅದು ಏನೂ ಅಲ್ಲ. ಓಡುವವರಿಗೆ ಅದು ಸಮುದ್ರ. ನನಗಿಂತ ಎಷ್ಟೋ ಚೆನ್ನಾಗಿ ಓಡುವವರು ಆ ಸಮುದ್ರವನ್ನು ದಾಟದೆ ಉಳಿದಿದ್ದಾರೆ. ನಾನು ಹೋಗಲಿಲ್ಲ. ಬಿ.ಎ. ಓದುತ್ತ, ಊರಿನ ಕೆರೆಯ ಏರಿಯ ಮೇಲೆ ಓಡುತ್ತ ಉಳಿದೆ. ನನ್ನ ನಿರ್ಣಯ ಸರಿಯೆಂದು ಹೆಚ್ಚಿನ ದಿನಗಳಲ್ಲಿ ಅನಿಸುತ್ತದೆ. ಒಮ್ಮೊಮ್ಮೆ ಬೆಳಗಿನ ಮಂಜಿನಲ್ಲಿ ಕಾಲು ತಾನಾಗಿಯೇ ಹಗುರವಾಗಿ ಓಡಿದ ದಿನ, ಹೋಗಿದ್ದರೆ ಏನಾಗುತ್ತಿತ್ತೋ ಎಂದು ಗಂಟಲು ಕಟ್ಟುತ್ತದೆ. ಇದನ್ನು ಮುಚ್ಚಿಡುವದರಲ್ಲಿ ಅರ್ಥವಿಲ್ಲ.

ಇಲ್ಲಿಯೇ ನನ್ನ ಮುಖ್ಯ ಮಾತು ಇದೆ. ಓದು ಆಟಗಳ ಪ್ರಶ್ನೆ ಬಂದಾಗಲೆಲ್ಲ ನಾವು ಶ್ರೇಷ್ಠ ಆಟಗಾರರ ಹೆಸರು ಹೇಳುತ್ತೇವೆ. ನಾನೂ ಈಗ ಅದನ್ನೇ ಮಾಡಿದೆ. ಆದರೆ ಈ ಪ್ರಶ್ನೆ ನಿಜವಾಗಿ ಅವರದಲ್ಲ. ಅಸಾಮಾನ್ಯರಿಗೆ ದಾರಿ ಹೇಗೋ ಆಗುತ್ತದೆ. ಅಂತರ್‌ಕಾಲೇಜು ಕೂಟದಲ್ಲಿ ಮೂರನೆಯವರಾಗಿ ಬರುವವರು, ಖೊ ಖೊ ತಂಡದಲ್ಲಿ ಒಂಬತ್ತರಲ್ಲಿ ಒಬ್ಬರಾಗಿ ನಿಲ್ಲುವವರು, ವಿಶ್ವವಿದ್ಯಾಲಯದ ‘ಬ್ಲೂ’ ಒಂದು ಸಿಕ್ಕರೆ ಜನ್ಮ ಸಾರ್ಥಕವೆಂದುಕೊಂಡವರು — ಈ ಪ್ರಶ್ನೆ ನಮ್ಮಂತಹ ಮಧ್ಯಮರದು. ನಾವು ಒಲಿಂಪಿಕ್ಸಿಗೆ ಹೋಗುವದಿಲ್ಲ. ಹಾಗೆಯೇ ನಮ್ಮ ತರಗತಿಯಲ್ಲಿ ಇತಿಹಾಸ ಓದುವ ಎಲ್ಲರೂ ಇತಿಹಾಸಕಾರರಾಗುವದಿಲ್ಲ. ಆದರೂ ಇತಿಹಾಸದ ತರಗತಿಯನ್ನು ವ್ಯರ್ಥವೆಂದು ಯಾರೂ ಹೇಳುವದಿಲ್ಲ. ಓಟಕ್ಕೆ ಮಾತ್ರ ಪದಕದ ಇಲ್ಲವೆ ನೌಕರಿಯ ರಸೀದಿ ತೋರಿಸಬೇಕೆಂಬದು ಯಾವ ನ್ಯಾಯ?

ಓಟ ನನಗೆ ಏನು ಕೊಟ್ಟಿತು ಎಂದು ಕೇಳಿದರೆ ಇಷ್ಟು ಹೇಳಬಲ್ಲೆ. ಎರಡನೆಯ ಸುತ್ತಿನ ಮೂರನೆಯ ತಿರುವಿನಲ್ಲಿ ಎದೆ ಉರಿಯುತ್ತದೆ, ಕಾಲು ಬೇಡವೆನ್ನುತ್ತದೆ. ಅಲ್ಲಿ ನಿಲ್ಲದೆ ಇನ್ನೂರು ಮೀಟರು ಓಡುವದನ್ನು ಕಲಿತವಳಿಗೆ, ರಾತ್ರಿ ಹತ್ತು ಗಂಟೆಗೆ ತಿಳಿಯದ ಒಂದು ಪುಟವನ್ನು ಮತ್ತೊಮ್ಮೆ ಮೊದಲಿನಿಂದ ಓದುವದು ಅಷ್ಟೊಂದು ಕಷ್ಟವೆನಿಸುವದಿಲ್ಲ. ಸೋತು ಬಂದು ಗೆದ್ದವಳ ಕೈ ಕುಲುಕುವದನ್ನು ಯಾವ ಪಠ್ಯಪುಸ್ತಕವೂ ನನಗೆ ಕಲಿಸಲಿಲ್ಲ. ಓದಿನಿಂದ ಓಟಕ್ಕೂ ಲಾಭವಾಗಿದೆ. ಅಭ್ಯಾಸದ ದಿನಚರಿ ಬರೆದಿಟ್ಟು, ಯಾವ ವಾರ ಎಷ್ಟು ಓಡಿದೆ, ಎಲ್ಲಿ ತಪ್ಪಿದೆ ಎಂದು ನೋಡುವ ಪದ್ಧತಿ ನನಗೆ ಬಂದದ್ದು ತರಗತಿಯಲ್ಲಿ ಟಿಪ್ಪಣಿ ಬರೆದು ಬರೆದು.

ಇನ್ನು ಮಾಡಬೇಕಾದದ್ದೇನು? ಮೊದಲು ಗುರುಗಳ ಸನ್ನಿಧಿಯಲ್ಲಿ ಮೂರು ಬಿನ್ನಹಗಳು.

ಮೊದಲನೆಯದು ಹಾಜರಿಯದು. ಶೇಕಡಾ 75 ಹಾಜರಿ ಬೇಕೆಂಬ ನಿಯಮ ಸರಿಯಾದದ್ದೇ. ಒಂದು ಸೆಮಿಸ್ಟರಿನಲ್ಲಿ ಒಂದು ವಿಷಯಕ್ಕೆ 60 ತಾಸು ಪಾಠವಾದರೆ 15 ತಾಸು ತಪ್ಪಬಹುದು. ಆಯ್ಕೆಯ ಸ್ಪರ್ಧೆಗೆ 2 ದಿನ, ಅಂತರ್‌ಕಾಲೇಜು ಕೂಟಕ್ಕೆ 3 ದಿನ, ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಿ ಶಿಬಿರಕ್ಕೆ ಹೋದರೆ 10 ದಿನ. ದಿನಕ್ಕೊಂದು ತಾಸಿನ ಲೆಕ್ಕದಲ್ಲಿ 15 ಅಲ್ಲಿಗೇ ಮುಗಿಯಿತು. ಆಮೇಲೆ ಆ ವಿದ್ಯಾರ್ಥಿನಿಗೆ ಜ್ವರ ಬರುವಂತಿಲ್ಲ, ಬಸ್ಸು ಕೆಡುವಂತಿಲ್ಲ, ಮನೆಯಲ್ಲಿ ಅಕ್ಕನ ಮದುವೆ ಆಗುವಂತಿಲ್ಲ! ಕಾಲೇಜಿನ ಕೆಲಸಕ್ಕೆ ಹೋದವರ ಹಾಜರಿಯನ್ನು ಸೆಮಿಸ್ಟರಿನ ಕೊನೆಗೆ ಹುಡುಕಾಡುವದರ ಬದಲು, ದೈಹಿಕ ಶಿಕ್ಷಣ ನಿರ್ದೇಶಕರ ಪತ್ರ ಬಂದ ದಿನವೇ ಹಾಜರಿ ಪುಸ್ತಕದಲ್ಲಿ ದಾಖಲು ಮಾಡುವ ಕ್ರಮ ಬಂದರೆ ಎಷ್ಟೋ ಕಣ್ಣೀರು ಉಳಿದೀತು.

ಎರಡನೆಯದು ಆಂತರಿಕ ಪರೀಕ್ಷೆಯದು. ಆಟಕ್ಕೆ ಹೋದವರಿಗೆ ಪುಕ್ಕಟೆ ಅಂಕ ಬೇಡ. ಮರಳಿ ಬಂದ ಮೇಲೆ ಇನ್ನೊಮ್ಮೆ ಬರೆಯುವ ಅವಕಾಶ ಸಾಕು. ಪ್ರಶ್ನೆಪತ್ರಿಕೆ ಕಠಿಣವಾಗಿಯೇ ಇರಲಿ.

ಮೂರನೆಯದು ಅಭ್ಯಾಸದ ವೇಳೆ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳ ಟಿಕೀಟಿನ ಚಿಂತೆ ತೀರಿತು. ಬಸ್ಸಿನ ವೇಳೆಯ ಚಿಂತೆ ತೀರಲಿಲ್ಲ. ಸಂಜೆಯ ಅಭ್ಯಾಸ ಮುಗಿಸಿದರೆ ಬಸ್ಸು ತಪ್ಪುತ್ತದೆ, ಬಸ್ಸು ಹಿಡಿದರೆ ಅಭ್ಯಾಸ ತಪ್ಪುತ್ತದೆ. ಹಳ್ಳಿಯ ಹುಡುಗಿಯರು ಎರಡನೆಯ ವರುಷಕ್ಕೆ ಮೈದಾನ ಬಿಡುವದಕ್ಕೆ ಇದಕ್ಕಿಂತ ದೊಡ್ಡ ಕಾರಣವನ್ನು ನಾನು ಕಂಡಿಲ್ಲ. ವಾರದಲ್ಲಿ ಎರಡು ದಿನವಾದರೂ ಕೊನೆಯ ತಾಸನ್ನು ಆಟಕ್ಕೆ ಬಿಟ್ಟುಕೊಟ್ಟರೆ, ದೂರದ ಊರಿನವರೂ ತಂಡದಲ್ಲಿ ಉಳಿದಾರು.

ಗುರುಗಳಿಂದ ಕೇಳಿದ ಮೇಲೆ ನಾವೂ ಕೊಡಬೇಕಾದದ್ದಿದೆ. ಸಹ ಆಟಗಾರರೇ, ಪಂದ್ಯಕ್ಕೆ ಹೋಗುವ ಮೊದಲು ಪ್ರತಿಯೊಬ್ಬ ಪ್ರಾಧ್ಯಾಪಕರಿಗೂ ಮುಖತಃ ತಿಳಿಸಿ ಹೋಗೋಣ. ಬಂದ ಮೂರು ದಿನಗಳೊಳಗೆ ತಪ್ಪಿದ ಪಾಠದ ಟಿಪ್ಪಣಿಗಳನ್ನು ನಮ್ಮ ಕೈಯಿಂದಲೇ ಬರೆದುಕೊಳ್ಳೋಣ. ಗೆಳತಿಯ ಪುಸ್ತಕದ ಫೋಟೋ ತೆಗೆದು ಮೊಬೈಲಿನಲ್ಲಿ ಹೂತುಹಾಕುವದು ಬೇಡ. ಚೀಲದಲ್ಲಿ ಬೂಟಿನ ಜೊತೆಗೆ ಒಂದು ಪುಸ್ತಕ ಇರಲಿ. ಕೂಟದಲ್ಲಿ ನಮ್ಮ ಸರತಿ ಬರುವವರೆಗೆ ಬಿಸಿಲಿನಲ್ಲಿ ಕಾಯುವ ತಾಸುಗಳೇನು ಕಡಿಮೆಯೇ? “ನಾನು ಆಟಗಾರ” ಎಂದು ಹೇಳಿ ಒಂದು ಅಂಕವನ್ನೂ ಬೇಡದಿರೋಣ. ನಾವು ಒಬ್ಬರು ಹಾಗೆ ಬೇಡಿದರೆ, ನಿಜವಾಗಿ ನೆರವು ಬೇಕಾದ ಇನ್ನೊಬ್ಬರ ಮುಂದೆ ಬಾಗಿಲು ಮುಚ್ಚುತ್ತದೆ. ಮತ್ತು, ಆಟವಾಡದ ಮಿತ್ರರೇ, ನಾವು ಮಧ್ಯಾಹ್ನದ ತರಗತಿಯಲ್ಲಿ ತೂಕಡಿಸಿದರೆ ನಗಬೇಡಿರಿ. ಒಮ್ಮೆ ಮೊಣಕೈಯಿಂದ ತಿವಿದು ಎಬ್ಬಿಸಿರಿ.

ಅವ್ವನ ಪ್ರಶ್ನೆಗೆ ನಾನಿನ್ನೂ ಪೂರ್ತಿ ಉತ್ತರ ಕೊಟ್ಟಿಲ್ಲ. ಬಿ.ಎ. ಮುಗಿಸಿ ದೈಹಿಕ ಶಿಕ್ಷಣದ ಪದವಿ ಪಡೆದು, ನಮ್ಮ ಕಡೆಯ ಯಾವುದಾದರೂ ಶಾಲೆಯಲ್ಲಿ ಶಿಕ್ಷಕಿಯಾಗಬೇಕೆಂಬದು ಸದ್ಯದ ಆಸೆ. ಹಾಗೆ ಹೇಳಿದಾಗ ಅವಳು, “ಅಂದ್ರ ನೀನೂ ಓಡೋದಲ್ದ ಊರ ಹುಡುಗ್ರನ್ನೂ ಓಡಸ್ತೀಯನು!” ಎಂದು ನಕ್ಕಳು. ಆದರೆ ಮರುದಿನ ನಸುಕಿನಲ್ಲಿ ನಾನು ಏಳುವ ಮೊದಲೇ ಎದ್ದು, ನನ್ನ ಪಾಲಿನ ಕೊಟ್ಟಿಗೆಯ ಕೆಲಸವನ್ನು ತಾನೇ ಮುಗಿಸಿಟ್ಟಿದ್ದಳು. ನನಗೆ ಅರ್ಧ ತಾಸು ಉಳಿಯಿತು. ಆ ಅರ್ಧ ತಾಸು ನಾನು ಓಡಲಿಲ್ಲ, ಓದಿದೆ.

ಈ ವರುಷವೂ ಸೂಚನಾ ಫಲಕದ ಮೇಲೆ ಎರಡು ಪಟ್ಟಿಗಳು ಬರುತ್ತವೆ. ನನ್ನ ಗೈರುಹಾಜರಿಗಳನ್ನು ಈ ಸಲ ನಾನೇ ಬರೆದಿಟ್ಟುಕೊಂಡಿದ್ದೇನೆ. ಇಂದಿನವರೆಗೆ ಒಂದು ವಿಷಯದಲ್ಲಿಯೂ ಹತ್ತು ದಾಟಿಲ್ಲ. ಒಂದೇ ಪಟ್ಟಿಯಲ್ಲಿ ಹೆಸರು ಬರಲೆಂದು ಹಾರೈಸಿರಿ. ಯಾವುದರಲ್ಲಿ ಎಂದು ಬೇರೆ ಹೇಳಬೇಕಾಗಿಲ್ಲವಷ್ಟೆ.

— ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿ, ದಾಸನಕೊಪ್ಪ